ಚೂಪು ಕೆಳಗೋ, ಮೇಲೋ

ಎಲ್ಲ ಕೆಟ್ಟಿದ್ದು ಊಟದ ಹೊತ್ತಿನ ಒಂದೇ ಒಂದು ಮಾತಿನಿಂದ.

ಬೆಳಿಗ್ಗೆ ಎಲ್ಲವೂ ನೆಟ್ಟಗೇ ಇತ್ತು. ದೊಡ್ಡ ಉಬ್ಬರ ಬಂದಾಗಲೆಲ್ಲ ಸಮುದ್ರ ಬೀದಿಗೇ ನುಗ್ಗಿ ಮನೆಯೊಳಗಿನ ಚಪ್ಪಲಿಗಳನ್ನು ದೋಣಿ ಮಾಡಿ ತೇಲಿಸುತ್ತಿತ್ತು. ದರ್ಜಿಯ ಅಂಗಡಿಯಲ್ಲಂತೂ ಹೊಲಿಗೆ ಯಂತ್ರದ ಪೆಡಲು ಮುಳುಗುತ್ತಿತ್ತು. ಯಂತ್ರ ತುಕ್ಕು ಹಿಡಿದರೆ ಅವನ ಅನ್ನಕ್ಕೇ ಕಲ್ಲು. ಹಾಗಾಗಿ ಆ ಬೆಳಿಗ್ಗೆ ಬೀದಿಯವರೆಲ್ಲ ಸೇರಿ ದಡದ ಕೆಸರಿನಲ್ಲಿ ಕಾಂಡ್ಲಾ ನೆಟ್ಟರು. ಉಪ್ಪುನೀರಿನಲ್ಲೇ ಬೇರು ಬಿಟ್ಟು ಅಲೆಗೆ ಅಡ್ಡ ನಿಲ್ಲುವ, ಬುಡದಲ್ಲಿ ಏಡಿ, ಮೀನು ಸಾಕುವ ಮರ ಅದು. ಬೀಜವೋ, ಒಂದು ತುದಿ ಚೂಪಾದ ಗೇಣುದ್ದದ ಹಸಿರು ಕೋಲು. ಮುಂದಾಳು ದರ್ಜಿಯೇ.

"ಸೂಜಿ ಬಟ್ಟೆಗೆ ಹೆಂಗೆ ಹೋಗುತ್ತೆ? ಹಂಗೇ. ಚೂಪು ಕೆಳಗೆ!" ಎಂದ. ಎಲ್ಲರೂ ಹಾಗೇ ಚುಚ್ಚಿದರು.

ಊಟಕ್ಕೆ ಕೂತಾಗ ಹೆಂಡತಿಯ ತಮ್ಮ, ದೋಣಿ ಇಂಜಿನ್ ರಿಪೇರಿಯವನು, ಬಾಯಲ್ಲಿ ತುತ್ತಿಟ್ಟುಕೊಂಡೇ ಅಂದ: "ಭಾವ, ಚಿಗುರು ಅಂದ್ರೆ ಚೂಪಾಗೇ ಇರುತ್ತಲ್ವಾ? ನೀವು ಎಲ್ಲಾನೂ ತಲೆಕೆಳಗೆ ನೆಡ್ಸಿದೀರ."

"ಬಾಯ್ಮುಚ್ಕೊಂಡು ಉಣ್ಣೋ!" ಎಂದು ದರ್ಜಿ ಗದರಿದ. ಆದರೆ ತಲೆಗೆ ಹುಳ ಬಿಟ್ಟಾಗಿತ್ತು.

ಬೀದಿ ಮಧ್ಯಾಹ್ನದ ನಿದ್ದೆಗೆ ಜಾರಿದ್ದೇ ತಡ, ಪ್ಯಾಂಟು ಮಡಿಚಿ ಕೆಸರಿಗಿಳಿದ. ಕ್ಷೌರಿಕನ ಮನೆ ಮುಂದಿನಿಂದ ಶುರು: ಕೀಳು, ತಿರುಗಿಸು, ಚುಚ್ಚು. ಏಡಿಯೊಂದು ಕಾಲಿನ ಹೆಬ್ಬೆರಳಿಗೆ ಜೋತುಬಿತ್ತು. ಕೂಗಿದರೆ ಮಾನ ಹೋದೀತೆಂದು ಹಲ್ಲುಕಚ್ಚಿ, ಮೊಂಡು ಸಾಲಗಾರನನ್ನು ಎಳೆದಂತೆ ಅದನ್ನೂ ಎಳೆದುಕೊಂಡೇ ನಡೆದ.

ಕಿಟಕಿಯಿಂದ ಕ್ಷೌರಿಕ ಇಣುಕಿದ. "ಏನ್ ಮಾವ, ಕಿತ್ತಾಕ್ತಾ ಇದೀರಾ?"

"ಇಲ್ಲಪ್ಪಾ, ಸಡಿಲ ಇತ್ತು. ಬಿಗಿ ಮಾಡ್ತಿದೀನಿ."

"ಮುಖ ಯಾಕೆ ಹಂಗಿದೆ?"

"ಬಿಸಿಲು!"

ಕೊನೆಗೆ ತನ್ನ ಅಂಗಡಿ ಮುಂದಿನವನ್ನೂ ತಿರುಗಿಸಿ, ಅಲ್ಲೇ ಕುರ್ಚಿ ಹಾಕಿ ಕಾವಲು ಕೂತ. ಕಾವಲುಗಾರನ ಗೊರಕೆ ಬೀದಿಗೆಲ್ಲ ಕೇಳಿಸಿತು.

ತಿಂಗಳುಗಳು ಕಳೆದವು. ದಡದುದ್ದಕ್ಕೂ ಎಲೆ! ಬೀದಿಯವರೆಲ್ಲ ಕೆಸರಿನಲ್ಲೇ ಕುಣಿದರು. ತನ್ನ ಅಂಗಡಿ ಮುಂದಿನವು ಯಾಕೋ ತಡ ಎಂದುಕೊಂಡಿದ್ದ ದರ್ಜಿಗೂ ಎದೆಯುಬ್ಬಿ ಅಂಗಿಯ ಗುಂಡಿ ಕಿತ್ತುಹೋಯಿತು. ಬಾಯಿ ತಡೆಯಲಿಲ್ಲ.

"ಈಗ ಹೇಳ್ತೀನಿ ಕೇಳ್ರಪ್ಪಾ! ಎಲ್ಲಾ ತಲೆಕೆಳಗಾಗಿತ್ತು. ಆವತ್ತು ಮಧ್ಯಾಹ್ನ ನಾನೊಬ್ಬನೇ ತಿರುಗಿಸ್ದೆ!"

ಕುಣಿತ ನಿಂತಿತು. ಎಲ್ಲರೂ ಕ್ಷೌರಿಕನ ಮುಖ ನೋಡಿದರು.

"ಗೊತ್ತು ಮಾವ," ಎಂದ ಅವನು. "ಬಿಸಿಲಿಗೆ ತಲೆ ಕೆಟ್ಟಿದೆ ಅಂತ, ನೀವು ಮಲಗಿದ್ಮೇಲೆ ನಾವೆಲ್ಲ ಬಂದು ವಾಪಸ್ ತಿರುಗಿಸಿದ್ವಿ. ಚೂಪು ಕೆಳಗೆ, ನೀವೇ ಹೇಳ್ಕೊಟ್ಟಂಗೆ."

"ಮತ್ತೆ ನನ್ನ ಅಂಗಡಿ ಮುಂದೆ?"

"ಅಲ್ಲಿ ನೀವೇ ಮಲಗಿದ್ರಲ್ಲ! ಎಚ್ಚರ ಆದ್ರೆ ಪಾಪ ನಾಚ್ಕೋತಾರೆ ಅಂತ ಬಿಟ್ವಿ."

ದರ್ಜಿ ತಿರುಗಿ ನೋಡಿದ. ಅಂಗಡಿ ಮುಂದೆ ಕಪ್ಪಗೆ ಕೊಳೆತ ಕೋಲುಗಳು. ಬೀದಿಗೆಲ್ಲ ಹಸಿರು ಬೇಲಿ. ಸಮುದ್ರ ಒಳಗೆ ಬರಲು ಅವನ ಅಂಗಡಿ ಒಂದೇ ಬಾಗಿಲು. ಅಷ್ಟರಲ್ಲಿ ಉಬ್ಬರವೂ ಬಂತು, ತೆರೆದ ಬಾಗಿಲೆಂದು ನೇರ ಪೆಡಲಿನ ತನಕ.

"ಬೀಜ ತನ್ನಿ!" ಎಂದು ಕ್ಷೌರಿಕ ಕೂಗಿದ. ಬೀದಿಗೆ ಬೀದಿಯೇ ನಗುತ್ತಾ ನೀರಿಗಿಳಿಯಿತು.

"ಭಾವ, ನನಗನ್ಸುತ್ತೆ..." ಎಂದು ಇಂಜಿನ್ ರಿಪೇರಿಯವನು ಬಾಯಿ ತೆರೆದ.

ಅವನಕ್ಕ ಒಂದು ಬೀಜವನ್ನು ಆ ಬಾಯಿಗೇ ನೆಟ್ಟಳು. ಚೂಪು ಒಳಗೆ.