ದೂರ ಹೊರಟ್ರಾ, ಸರ್?

ನಮ್ಮ ಚಿಕ್ಕಪ್ಪನಿಗೆ ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ನೇರವಾಗಿ ಕೇಳಿ ಗೊತ್ತಿಲ್ಲ. ಹೆಣ್ಣು ನೋಡಲು ಹೋದಾಗ ಕೂಡ, "ಈ ಮನೆಯವರಿಗೆ ಮದ್ರಾಸಿನ ಸೆಕೆ ಒಗ್ಗತ್ತೋ ಹೇಗೋ" ಎಂದು ಗೋಡೆ ನೋಡಿಕೊಂಡು ಕೇಳಿದರಂತೆ. ಅದೇ ಒಪ್ಪಿಗೆಯೆಂದು ಹುಡುಗಿಯ ಅಪ್ಪನಿಗೆ ಅರ್ಥವಾಯಿತಲ್ಲ, ಅದು ನಮ್ಮೆಲ್ಲರ ಪುಣ್ಯ!

ಇಂಥವರಿಗೆ ಮದ್ರಾಸಿನ ಮಣಲಿಯಲ್ಲಿದ್ದ ಅವರ ಆಫೀಸಿನಲ್ಲಿ ವಿನಯದ ಇಂಗ್ಲಿಷ್ ಕಲಿಸಲು ತರಬೇತಿ ಇಟ್ಟರೆ ಏನಾಗಬೇಡ? 'ವೈ ಲೇಟ್' ಅನ್ನಬಾರದಂತೆ, 'ತಡವಾದದ್ದೇಕೆಂದು ತಿಳಿಯಬಹುದೇ' ಎಂದು ಸುತ್ತಿ ಬಳಸಿ ಕೇಳಬೇಕಂತೆ. ಚಿಕ್ಕಪ್ಪ ಹಿಗ್ಗಿ ಹೀರೇಕಾಯಿಯಾಗಿ ಕೀಲ್ಪಾಕಿನ ಮನೆಗೆ ಬಂದರು. ನಾನಾಗ ಅವರ ಮನೆಯಲ್ಲೇ ಇದ್ದೆ.

"ಇಂಗ್ಲಿಷಿನೋರಿಗೆ ಇದನ್ನ ನಮ್ಮಮ್ಮನೇ ಹೇಳ್ಕೊಟ್ಟಿರ್ಬೇಕು ಕಣೋ" ಎಂದರು.

ಮಾತು ಪೂರ್ತಿ ಸುಳ್ಳಲ್ಲ. ಹೊರಟವರನ್ನು 'ಎಲ್ಲಿಗೆ' ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆಂದು ನಮ್ಮಜ್ಜಿ ಯಾರನ್ನೂ ಹಾಗೆ ಕೇಳಲು ಬಿಡುತ್ತಿರಲಿಲ್ಲ. 'ದೂರ ಹೊರಟ್ರಾ?' ಎನ್ನಬೇಕು. ಹೇಳುವವರು ಹೇಳಿಕೊಳ್ಳಲಿ, ಇಲ್ಲದವರು ನಕ್ಕು ಹೋಗಲಿ. ಇಷ್ಟು ಒಳ್ಳೆಯ ಪದ್ಧತಿಯನ್ನು ಚಿಕ್ಕಪ್ಪ ಆಫೀಸಿಗೆ ಒಯ್ಯದೆ ಬಿಟ್ಟಾರೆಯೇ?

ಮಾರನೆಯ ದಿನವೇ ಮೀಟಿಂಗಿನ ನಡುವೆ ಮ್ಯಾನೇಜರ್ ಎದ್ದರು. ಚಿಕ್ಕಪ್ಪನೂ ಎದ್ದು ನಿಂತು, "ಸರ್, ಮೇ ಐ ನೋ ಇಫ್ ಯು ಆರ್ ಗೋಯಿಂಗ್ ಫಾರ್?" ಎಂದರು. ಪಾಪ, ಆ ಮನುಷ್ಯ ಹೊರಟಿದ್ದದ್ದು ಪಕ್ಕದ ಟಾಯ್ಲೆಟ್ಟಿಗೆ!

"ನಾಟ್ ವೆರಿ ಫಾರ್" ಎಂದರಂತೆ ಅವರು, ಬಾಗಿಲು ಹಿಡಿದುಕೊಂಡು.

ಟಿ. ನಗರದಲ್ಲಿ ಆಟೋ ಹತ್ತುವುದೂ ಹೀಗೆಯೇ. "ಕೀಲ್ಪಾಕಿನ ಕಡೆ ಬರೋದಕ್ಕೆ ತಮಗೇನಾದರೂ ತೊಂದರೆ ಇದೆಯೋ ಏನೋ ಅಂತ..." ಎಂದು ತಮಿಳಿನಲ್ಲಿ ಇವರು ಪೀಠಿಕೆ ಹಾಕುವಷ್ಟರಲ್ಲಿ, "ಸಾರ್, ಏರ್ರೀಂಗಳಾ ಇಲ್ಲಯಾ?", ಹತ್ತುತ್ತೀರೋ ಇಲ್ಲವೋ ಎಂದು ರೇಗಿ ಆಟೋದವನು ಬೇರೆಯವರನ್ನು ಹತ್ತಿಸಿಕೊಂಡು ಹೋಗಿಯೇ ಬಿಡುತ್ತಿದ್ದ. ಸೀರೆಯ ಚೀಲ ಹೊತ್ತು ಬಿಸಿಲಲ್ಲಿ ನಿಂತ ಚಿಕ್ಕಮ್ಮನ ಮುಖ ನೋಡಬೇಕಿತ್ತು.

ಮನೆಯಲ್ಲಾದರೂ ಸುಮ್ಮನಿರಬೇಡವೇ? "ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ವೋ ಅಂತ ತಿಳ್ಕೋಬಹುದಾ?"

"ಉಪ್ಪಿಲ್ಲ ಅನ್ನಿ. ನಾನೇನು ನಿಮ್ಮ ಮ್ಯಾನೇಜರಾ?" ಚಿಕ್ಕಮ್ಮ ಉಪ್ಪಿನ ಭರಣಿ ತಂದು ಕುಕ್ಕುತ್ತಿದ್ದರು. ಅವರದು ಒಂದು ಪೆಟ್ಟು, ಎರಡು ತುಂಡು.

ಹೋದ ವರ್ಷ ಆ ಚಿಕ್ಕಮ್ಮನಿಗೇ ಎದೆಯ ಆಪರೇಷನ್ ಆಗಬೇಕಾಯಿತು. ಮನೆ ಹತ್ತಿರದ ಆಸ್ಪತ್ರೆಗೇ ಸೇರಿಸಿದೆವು. ಡಾಕ್ಟರು ಎದುರಿಗೆ ಕೂತು ಎಲ್ಲ ವಿವರಿಸಿ, "ಏನಾದರೂ ಕೇಳೋದಿದೆಯಾ?" ಎಂದರು. ಸುತ್ತಿ ಬಳಸಿ ಕೇಳುವುದರಲ್ಲಿ ಮದ್ರಾಸಿಗೇ ಹೆಸರಾದ ನಮ್ಮ ಚಿಕ್ಕಪ್ಪ ಗೋಡೆ ನೋಡಿಕೊಂಡು ಕೂತುಬಿಟ್ಟರು. ಉಳಿಯುತ್ತಾಳೋ ಇಲ್ಲವೋ ಎನ್ನುವುದನ್ನು ಯಾವ ಭಾಷೆಯಲ್ಲಿ ತಾನೇ ವಿನಯವಾಗಿ ಕೇಳುವುದು?

ಬೆಳಿಗ್ಗೆ ಸ್ಟ್ರೆಚರ್ ಬಂತು. ಚಿಕ್ಕಪ್ಪ ಅದರ ಕಂಬಿ ಹಿಡಿದುಕೊಂಡು ಬಾಗಿಲ ತನಕ ನಡೆದರು. ಅಲ್ಲಿ ನರ್ಸ್ ತಡೆದಾಗ ಬಗ್ಗಿ, ಮೆಲ್ಲಗೆ ಕೇಳಿದರು.

"ದೂರ ಹೊರಟ್ಯೇನೇ?"

ಚಿಕ್ಕಮ್ಮ ಅವರ ಕೈ ತಟ್ಟಿದರು. "ಇಲ್ಲೇ ರೀ. ಬಂದ್ಬಿಟ್ಟೆ."

ಆಡಿದ ಮಾತಿನಂತೆ ಬಂದೇ ಬಿಟ್ಟರು ಮಹಾತಾಯಿ! ಸಂಜೆ ನಮ್ಮನ್ನು ಒಳಗೆ ಬಿಟ್ಟಾಗ ಕಣ್ಣು ಬಿಟ್ಟಿದ್ದರು. ಗಂಡನ ಬಾಡಿದ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಕ್ಷೀಣ ದನಿಯಲ್ಲಿ, ಜನ್ಮದಲ್ಲಿ ಮೊದಲ ಸಲ, ಅವರ ಧಾಟಿಯಲ್ಲೇ ಕೇಳಿದರು.

"ಊಟ ಆಗಿದೆಯೋ ಇಲ್ವೋ ಅಂತ ತಿಳ್ಕೋಬಹುದಾ?"

ಚಿಕ್ಕಪ್ಪನಿಗೆ ಸುತ್ತಿ ಬಳಸಲು ದಾರಿಯೇ ತೋಚಲಿಲ್ಲ.

"ಇಲ್ಲ ಕಣೇ" ಎಂದರು. "ಭಯ ಆಗಿತ್ತು."