ಕುಂಬಳಬಳ್ಳಿಯ ಕನ್ಯಾನ್ವೇಷಣೆ

ಹರಿಹರದ ಕಲ್ಯಾಣ ಮಂಟಪವೊಂದರಲ್ಲಿ, ತಾವೇ ಕೂಡಿಸಿದ ಇನ್ನೂರ ಹದಿನಾಲ್ಕನೆಯ ಮದುವೆಯ ಊಟದ ಪಂಕ್ತಿಯಲ್ಲಿ ಕೂತು, ಶಿವಯೋಗಪ್ಪನವರು ಒಂದು ಘೋರ ಪ್ರತಿಜ್ಞೆ ಮಾಡಿದರು. ಎಲೆಯ ಮೇಲಿದ್ದ ಎಣ್ಣೆಗಾಯಿ ಬದನೆಯನ್ನು ತೊಟ್ಟು ಹಿಡಿದು ಎಲ್ಲರಿಗೂ ಕಾಣುವಂತೆ ಎತ್ತಿದರು.

"ಇದು ಬದನೆಕಾಯಿ ಅಲ್ರಿ, ಹುಳ ಕೊಲ್ಲೋ ಔಷಧದ ಅಂಗಡಿ! ಈ ದೀಪಾವಳಿಯಿಂದ ಮಾರ್ಕೆಟ್ ಕಾಯಿಪಲ್ಯ ನಮ್ಮನಿ ಮೆಟ್ಲು ಹತ್ತಾಂಗಿಲ್ಲ. ಮಾಳಿಗೆ ಮ್ಯಾಲೆ ನಾವೇ ಬೆಳೀತೀವಿ, ನಾವೇ ತಿಂತೀವಿ!"

"ನಿಮಗೆ ಬೇಸಾಯ ಬರ್ತೈತೇನ್ರಿ?" ಎಂದು ಪಕ್ಕದ ಎಲೆಯವರು ಕೇಳಿದರು.

"ಇನ್ನೂರು ಜೋಡಿ ಕೂಡಿಸಿದವನಿಗೆ ಮಣ್ಣು, ನೀರು ಕೂಡಿಸೋದು ಯಾವ ದೊಡ್ಡ ಮಾತ್ರಿ!"

ಇಷ್ಟು ಹೇಳಿ ಅದೇ ಔಷಧದ ಅಂಗಡಿಯನ್ನು ರೊಟ್ಟಿಯೊಂದಿಗೆ ಮುಗಿಸಿ, ಇನ್ನೆರಡು ಹಾಕಿಸಿಕೊಂಡರು.

ದಾವಣಗೆರೆಯಲ್ಲಿ ಶಿವಯೋಗಪ್ಪನವರ ಮನೆಯ ಮುಂದಿನ ಕೋಣೆಯೇ ಅವರ ವಧು-ವರ ಮಾಹಿತಿ ಕೇಂದ್ರ. ಅಲ್ಲಿ ಅವರ ಮಾತೇ ಕೊನೆಯ ಮಾತು. ಆದರೆ ಆ ಕೋಣೆಯ ಹೊಸ್ತಿಲು ದಾಟಿದರೆ, ಒಳಗಿನ ಒಲೆಯಿಂದ ಮೇಲಿನ ಮಾಳಿಗೆಯವರೆಗೂ ಪತ್ನಿ ಮರುಳಸಿದ್ದಮ್ಮನವರ ಆಳ್ವಿಕೆ. ಪ್ರತಿಜ್ಞೆಯ ಸುದ್ದಿ ಹರಿಹರದಿಂದ ಗಂಡನಿಗಿಂತ ಮೊದಲೇ ಮನೆ ತಲುಪಿತ್ತು.

"ಮಾಳಿಗೆ ನಂದು. ಬ್ಯಾಸಿಗೆ ಬಂದ್ರೆ ಸಂಡಿಗೆ, ಹಪ್ಪಳ, ಶಾವಿಗೆ ನಿಮ್ಮ ತಲಿ ಮ್ಯಾಲೆ ಒಣಗಿಸ್ಲೇನು?"

"ಬ್ಯಾಸಿಗೆಗೆ ಇನ್ನೂ ಹೊತ್ತೈತೆ. ಅಷ್ಟರಾಗೆ ಡ್ರಮ್ಮಿನಾಗೆ ಮಣ್ಣು ತುಂಬಿ ಬೆಳೆಸ್ತೀನಿ, ನೋಡ್ತಿರು!"

"ನೋಡ್ತೀನಿ. ಶಿವರಾತ್ರಿ ಉಪವಾಸ ಬಿಡೋ ದಿನ ನನ್ನ ಒಲಿ ಮ್ಯಾಲೆ ನಿಮ್ಮ ಮಾಳಿಗೆ ಕಾಯಿ ಒಂದಾದ್ರೂ ಕುದೀಬೇಕು. ಇಲ್ಲಾಂದ್ರೆ ನಿಮ್ಮ ಡ್ರಮ್ಮು ಕೆಳಗೆ, ನನ್ನ ಸಂಡಿಗೆ ಮ್ಯಾಲೆ. ಆಮ್ಯಾಲೆ ಜೀವ ಇರೋತನ ಚೀಲ ಹಿಡ್ಕೊಂಡು ಮಾರ್ಕೆಟ್‌ಗೆ ಹೋಗೋದು ನೀವೇ!"

"ಆತು!" ಎಂದರು ಶಿವಯೋಗಪ್ಪ. ಗಂಡಸು ಯೋಚಿಸದೆ "ಆತು" ಎಂದಾಗಲೇ ಅರ್ಧ ಸೋತಿರುತ್ತಾನೆ. ಆದರೆ ಇದನ್ನು ಅವರಿಗೆ ಹೇಳುವವರು ಯಾರು?

ಕರೂರು ಕೈಗಾರಿಕಾ ಪ್ರದೇಶದಿಂದ ಹಳೆಯ ಡ್ರಮ್ಮುಗಳು ಬಂದವು. ಮನೆಯಲ್ಲಿ ಸರಳ ಜೀವನ ಎಂಬ ಕಠಿಣ ಕಾಲ ಶುರುವಾಯಿತು. ಅಕ್ಕಿ ತೊಳೆದ ನೀರು ಚೆಲ್ಲುವಂತಿಲ್ಲ. ಈರುಳ್ಳಿ ಸಿಪ್ಪೆ ಎಸೆಯುವಂತಿಲ್ಲ. ಶಿವಯೋಗಪ್ಪನವರು ಬೆಳಗ್ಗೆ ಮಾಳಿಗೆಯ ಮೇಲೆ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ನಿಂತು ಸ್ನಾನ ಮಾಡಿ, ಆ ನೀರನ್ನು ತಂಬಿಗೆಯಲ್ಲಿ ಗಿಡಗಳಿಗೆ ತೀರ್ಥದಂತೆ ಹಂಚತೊಡಗಿದರು. ಆ ತೀರ್ಥ ಕುಡಿದು ಟೊಮೆಟೊ ಮೊದಲು ಹೋಯಿತು. ಬದನೆ ಹಿಂದೆಯೇ ಹೋಯಿತು. ಮೆಂತ್ಯ ಹುಟ್ಟುವ ಗೋಜಿಗೇ ಹೋಗಲಿಲ್ಲ.

"ಸಾಬೂನು ಹಚ್ಕೊಂಡ ನೀರು ರೀ ಅದು!" ಎಂದರು ಮರುಳಸಿದ್ದಮ್ಮ.

"ಮೈಸೂರಿನ ಗಂಧದ ಸಾಬೂನು!" ಎಂದರು ಇವರು, ಅದರಿಂದ ಗಿಡಕ್ಕೆ ಗೌರವ ಹೆಚ್ಚಬೇಕು ಎಂಬಂತೆ.

ಎಲ್ಲವನ್ನೂ ಸಹಿಸಿ ಉಳಿದದ್ದು ಕುಂಬಳಬಳ್ಳಿಯೊಂದೇ. ಅದು ಡ್ರಮ್ಮು ತುಂಬಿ, ನೆಲ ತುಂಬಿ, ಪ್ಯಾರಾಪೆಟ್ ಗೋಡೆಯನ್ನೆಲ್ಲ ಮುಚ್ಚಿ ಹಬ್ಬಿತು. ಸಂಕ್ರಾಂತಿಯ ಹೊತ್ತಿಗೆ ನಲವತ್ತು ಹಳದಿ ಹೂವು! ಶಿವಯೋಗಪ್ಪನವರು ನಲವತ್ತು ಕಾಯಿಗಳನ್ನು ಯಾರ್ಯಾರ ಮನೆಗೆ ಕಳಿಸಬೇಕೆಂದು ಪಟ್ಟಿ ಹಾಕಿದರು.

ಅಷ್ಟರಲ್ಲಿ ಶತ್ರುಗಳು ಬಂದರು. ಜೇನುಹುಳುಗಳು! ಈ ಹೂವಿನಿಂದ ಆ ಹೂವಿಗೆ, ಹೇಳದೆ ಕೇಳದೆ ನುಗ್ಗುತ್ತಿದ್ದವು. ನಲವತ್ತು ವರ್ಷ ಒಳ್ಳೆಯ ಮನೆತನದ ಹುಡುಗ ಹುಡುಗಿಯರನ್ನು ಕಾಪಾಡಿಕೊಂಡು ಬಂದ ಜೀವಕ್ಕೆ ಇದು ಸಹಿಸಲಾಗಲಿಲ್ಲ.

"ಯಾರು ಇವ್ರು? ಯಾವೂರು? ಹೂವಿನ ಬಣ್ಣನೆಲ್ಲ ಹೀರ್ಕೊಂಡು ಹೊಂಟಾವಲ್ಲ!" ಎಂದವರೇ ಅಟ್ಟದಿಂದ ಮದುವೆಯ ಕಾಲದ ಡಬಲ್ ಸೊಳ್ಳೆ ಪರದೆ ಇಳಿಸಿ, ಮಾಳಿಗೆಯ ಬಳ್ಳಿಗೆಲ್ಲ ಹೊದಿಸಿ, ನಾಲ್ಕೂ ಕಡೆ ಇಟ್ಟಿಗೆ ಹೇರಿದರು. ನಿತ್ಯ ಹೋಗಿ ಪರದೆಯ ಹೊರಗೆ ಗುಂಯ್‌ಗುಡುವ ಹುಳುಗಳನ್ನು ನೋಡಿ ನಗುತ್ತಿದ್ದರು.

ಹೂವು ಅರಳಿತು, ಬಾಡಿತು, ಉದುರಿತು. ಕಾಯಿ ಮಾತ್ರ ಇಲ್ಲ.

ಇದರ ಮರ್ಮ ಬಿಡಿಸಿದವರು ಸಾರಥಿ ಗ್ರಾಮದ ರೈತ ತಿಪ್ಪೇರುದ್ರಪ್ಪ. ಅವರ ಮಗ ಅಶ್ವಥ್‌ನ ಫೋಟೋ ಶಿವಯೋಗಪ್ಪನವರ ಪುಸ್ತಕದಲ್ಲಿ ಮೂರು ವರ್ಷದಿಂದ ಕೂತಿತ್ತು. ನೀರಾವರಿ ಜಮೀನಿದೆ, ಹುಡುಗ ಚೆನ್ನಾಗಿದ್ದಾನೆ, ಆದರೆ ಹೆಣ್ಣಿನ ಕಡೆಯವರು "ರೈತನಾ?" ಎಂದು ಪುಟ ತಿರುವಿಹಾಕುತ್ತಿದ್ದರು. ಅಂದೂ ತಿಪ್ಪೇರುದ್ರಪ್ಪ ವಿಚಾರಿಸಲು ಬಂದಿದ್ದರು. ಮಾತು ಮರೆಸಲು ಶಿವಯೋಗಪ್ಪ ಅವರನ್ನು ಮಾಳಿಗೆಗೆ ಹತ್ತಿಸಿದರು.

ತಿಪ್ಪೇರುದ್ರಪ್ಪ ಪರದೆ ಎತ್ತಿ ಒಂದೊಂದೇ ಹೂವಿನ ತೊಟ್ಟು ನೋಡಿದರು.

"ಎಲ್ಲಾ ಗಂಡೇ ಅದಾವಲ್ರಿ!"

"ಏನಂದ್ರಿ?"

"ಕೆಳಗೆ ಗೋಲಿಯಷ್ಟು ಪುಟ್ಟ ಕಾಯಿ ಇದ್ರೆ ಹೆಣ್ಣು ಹೂವು. ಇವೆಲ್ಲಾ ಗಂಡು. ನಿಮ್ಮ ಪುಸ್ತಕದಂಗೇ ಐತೆ ನೋಡ್ರಿ, ಪುಟ ತುಂಬಾ ಗಂಡು! ತಡೀರಿ, ಇಲ್ಲೊಂದು ಹೆಣ್ಣು ಮೊಗ್ಗೈತೆ. ನಾಡಿದ್ದು ಅರಳ್ತೈತೆ. ಪರದಿ ತೆಗೀರಿ, ಹುಳ ತಮ್ಮ ಕೆಲಸ ತಾವು ಮಾಡ್ತಾವು."

"ನನ್ನ ಮನಿ ಮ್ಯಾಲೆ ಬ್ಯಾರೆ ದಲ್ಲಾಳಿನಾ!" ಶಿವಯೋಗಪ್ಪನವರ ಮೀಸೆ ಕುಣಿಯಿತು. "ಬ್ಯಾಡ್ರಿ. ಈ ಸಂಬಂಧ ನಾನೇ ಕುದುರಿಸ್ತೀನಿ."

"ಹಂಗಾದ್ರೆ ಗಂಡು ಹೂವು ಕಿತ್ತು ಹೆಣ್ಣಿಗೆ ಮುಟ್ಸಬೇಕ್ರಿ. ಹೊತ್ತು ಏರೋದ್ರೊಳಗೆ ಆಗ್ಬೇಕು. ತಡ ಆದ್ರೆ ಹೂ ಮುಚ್ಕೊಂತೈತೆ."

ಸೋಮವಾರ ಬೆಳಗ್ಗೆ ವಧು ಅರಳಿದಳು. ಶಿವಯೋಗಪ್ಪನವರು ಗರಿಗರಿ ಪಂಚೆಯುಟ್ಟು, ವಿಭೂತಿ ಹಚ್ಚಿ, ಮಾಳಿಗೆ ಹತ್ತಿದರು. ಐದು ಗಂಡು ಹೂವುಗಳನ್ನು ಕಿತ್ತು ತಟ್ಟೆಯಲ್ಲಿ ಸಾಲಾಗಿ ಇಟ್ಟು ಒಂದೊಂದನ್ನೇ ಪರಿಶೀಲಿಸಿದರು. ಒಂದು ಕುಳ್ಳು. ಒಂದರ ಬಣ್ಣ ಸಾಲದು. ಒಂದಕ್ಕೆ ಇರುವೆಯ ಸಹವಾಸ! ಕೊನೆಗೆ ಎತ್ತರದ ಹೂವೊಂದು ಒಪ್ಪಿಗೆಯಾಗುವಷ್ಟರಲ್ಲಿ ಏಳೂವರೆ ಹೊಡೆಯಿತು.

ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ! ಇನ್ನೂರ ಹದಿನಾಲ್ಕು ಮದುವೆಗಳಲ್ಲಿ ಒಂದನ್ನೂ ರಾಹುಕಾಲದಲ್ಲಿ ಮಾಡಿಸದ ಮನುಷ್ಯ ವರನನ್ನು ತಟ್ಟೆಯಲ್ಲಿ ಹಿಡಿದು ಬಿಸಿಲಿನಲ್ಲಿ ಕೂತರು.

"ಕುಂಬಳಕಾಯಿಗೆ ಎಂಥ ರಾಹುಕಾಲ ರೀ!" ಎಂದು ಕೆಳಗಿನಿಂದ ಹೆಂಡತಿ ಕೂಗಿದರು.

"ಮುಹೂರ್ತ ಅಂದ್ರೆ ಮುಹೂರ್ತ! ನೀನು ಸುಮ್ನಿರು!"

ಒಂಬತ್ತೂ ಐದಕ್ಕೆ ಎದ್ದು ನೋಡಿದರೆ ವಧು ಮುಖ ಮುಚ್ಚಿಕೊಂಡಿದ್ದಳು. ವರ ತಟ್ಟೆಯಲ್ಲೇ ಬಾಡಿ ಮಲಗಿದ್ದ.

ಎರಡನೆಯ ಹೆಣ್ಣು ಹೂವಿಗೆ ರಾಹುಕಾಲ ಅಡ್ಡ ಬರಲಿಲ್ಲ. ಆದರೆ ಪ್ರತಿ ಮದುವೆಯಲ್ಲೂ ಫೋಟೋ ಹಿಡಿಸುವ ಅಭ್ಯಾಸ ಬಲ. ಎಡಗೈಯಲ್ಲಿ ಮೊಬೈಲು, ಬಲಗೈಯಲ್ಲಿ ವರ. ಕ್ಲಿಕ್ ಒತ್ತುವ ಭರದಲ್ಲಿ ಮೊಬೈಲು ಕೈಜಾರಿ ವಧುವಿನ ಕುತ್ತಿಗೆಯ ಮೇಲೆಯೇ ಬಿತ್ತು. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಮೂರನೆಯದು ಬರಲೇ ಇಲ್ಲ. ಶಿವರಾತ್ರಿ ಬಂತು.

ಉಪವಾಸದ ಮರುದಿನ ಬೆಳಗ್ಗೆ ಮರುಳಸಿದ್ದಮ್ಮ ಬೇಗನೆ ಎದ್ದರು. ಖಾಲಿ ಪಾತ್ರೆಯೊಂದನ್ನು ಒಲೆಯ ಮೇಲಿಟ್ಟು, ಮಾರ್ಕೆಟ್ ಚೀಲವನ್ನು ಬಾಗಿಲ ಮೊಳೆಗೆ ನೇತುಹಾಕಿದರು. ಶಿವಯೋಗಪ್ಪನವರಿಗೆ ಹೊಟ್ಟೆಯ ಹಸಿವಿಗಿಂತ ಆ ಚೀಲವೇ ಹೆಚ್ಚು ಸಂಕಟ ಕೊಟ್ಟಿತು. ನಾಲ್ಕು ತಿಂಗಳು ಮಗುವಿನಂತೆ ಸಾಕಿದ ಬಳ್ಳಿ! ನಿಜವಾಗಿಯೂ ಅವರ ಕಣ್ಣು ತುಂಬಿ ಬಂತು. ಆದರೂ ಆಡಿದ ಮಾತು ಮಾತೇ. ಮಾಳಿಗೆ ಹತ್ತಿ, ಪರದೆ ಕಿತ್ತೆಸೆದು, ಗೋಡೆಯ ಮೇಲಿನ ಬಳ್ಳಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು.

ಬರಲಿಲ್ಲ. ಕಾಲು ಗೋಡೆಗೆ ಕೊಟ್ಟು ಮತ್ತೆ ಎಳೆದರು. ಆ ಕಡೆಯಿಂದಲೂ ಯಾರೋ ಎಳೆದರು!

"ಅರೆರೆ! ಯಾರ್ರೀ ಅದು, ಬಿಡ್ರೀ! ಕಾಯಿ ಬೀಳ್ತೈತೆ!"

ಬಳ್ಳಿ ಬಿಟ್ಟು, ತುದಿಗಾಲಿನಲ್ಲಿ ನಿಂತು ಗೋಡೆಯಾಚೆ ಬಗ್ಗಿದರು. ಪಕ್ಕದ ಮನೆಯ ತಗ್ಗಿನ ಮಾಳಿಗೆಯಲ್ಲಿ, ನಿವೃತ್ತ ಶಿಕ್ಷಕಿ ದಿಲ್ಷಾದ್ ಬೇಗಂ ಒಂದು ಭಾರಿ ಕುಂಬಳಕಾಯಿಯನ್ನು ಅಪ್ಪಿ ಹಿಡಿದು ನಿಂತಿದ್ದರು. ಅವರ ಹಿಂದೆ ಹಳೆಯ ಸೀರೆಯ ಸಿಂಬಿಗಳ ಮೇಲೆ ಇನ್ನೆರಡು ಕಾಯಿಗಳು ಹಾಯಾಗಿ ಕೂತಿದ್ದವು. ಸುತ್ತ ಹೂವಿಗೆ ಬಿಟ್ಟ ಸಬ್ಬಸಿಗೆ ಗಿಡಗಳು. ಅವುಗಳ ತುಂಬ ಜೇನುಹುಳುಗಳು! ಇಲ್ಲಿಂದ ಓಡಿಸಿದವರೆಲ್ಲ ಅಲ್ಲಿ ಹೋಗಿ ನೆಂಟಸ್ತನ ಬೆಳೆಸಿದ್ದರು.

"ಇದು... ನಮ್ಮ ಬಳ್ಳಿದಾ?" ಶಿವಯೋಗಪ್ಪನವರು ಕಾಯಿಯತ್ತ ಬೆರಳು ತೋರಿಸಿದರು.

"ಇನ್ಯಾರದ್ರಿ? ಜನವರಿಯಾಗೇ ಗೋಡೆ ಹಾರಿ ಬಂತು. ನೀವು ಆ ಕಡೆಗಷ್ಟೇ ಪರದೆ ಕಟ್ಟಿದ್ರಲ್ಲ, ಈ ಕಡೆದು ನಿಮಗೆ ಬ್ಯಾಡಾಗೈತೆ ಅನ್ಕೊಂಡೆ. ಪಾಪ, ಅನಾಥ ಬಳ್ಳಿ ಅಂತ ನಾನೇ ನೀರು ಹಾಕಿದೆ."

ಅರ್ಧ ಗಂಟೆಯಲ್ಲಿ ಒಲೆಯ ಮೇಲೆ ಕುಂಬಳಕಾಯಿ ಪಲ್ಯ ಕುದಿಯಿತು. ಒಂದು ಕಾಯಿ ದಿಲ್ಷಾದ್ ಬೇಗಂ ಅವರಿಗೇ ಉಳಿಯಿತು. ಅದರ ಹಲ್ವಾ ಮಾಡಿ ಈ ಕಡೆಗೂ ಕಳಿಸುವುದಾಗಿ ಅವರು ಒಪ್ಪಿದರು. ಶಿವಯೋಗಪ್ಪನವರ ಎದೆ ಮತ್ತೆ ಉಬ್ಬಿತು.

"ನೋಡಿದ್ಯಾ? ಕುದೀತೋ ಇಲ್ಲೋ? ಗೆದ್ದೆ!"

ಮರುಳಸಿದ್ದಮ್ಮ ಸೌಟು ನಿಲ್ಲಿಸದೆ ತೀರ್ಪು ಕೊಟ್ಟರು. "ಆಡಿದ ಮಾತಿನಂಗೆ ಡ್ರಮ್ಮು ಮ್ಯಾಲೇ ಇರ್ಲಿ. ಆ ಪರದಿ ನನ್ನ ಸಂಡಿಗೆಗೆ ಬೇಕು, ಕಾಗಿ ಮುಟ್ಟಾಂಗಿಲ್ಲ. ಕೆಳಗೆ ಇಳೀಬೇಕಾದೋರು ಒಬ್ರೇ. ನೀವು!"

ಊಟದ ಹೊತ್ತಿಗೆ ಸರಿಯಾಗಿ ತಿಪ್ಪೇರುದ್ರಪ್ಪ ಬಂದರು. ಕೂತು ಪಲ್ಯ ತಿಂದರು. ಮರುಳಸಿದ್ದಮ್ಮ ಬಡಿಸುತ್ತ ಬಡಿಸುತ್ತ ಕತೆಯನ್ನೆಲ್ಲ ಹೇಳಿದರು: ಐವರು ವರರ ಪರೀಕ್ಷೆ, ರಾಹುಕಾಲ, ಮೊಬೈಲು, ಗೋಡೆಯಾಚೆಯ ಮೂರು ಕಾಯಿ. ಶಿವಯೋಗಪ್ಪನವರು ತಟ್ಟೆಯಿಂದ ತಲೆ ಎತ್ತಲಿಲ್ಲ. ತಿಪ್ಪೇರುದ್ರಪ್ಪ ಎಲ್ಲವನ್ನೂ ಗಂಭೀರವಾಗಿ ಕೇಳಿ, ಕೈ ತೊಳೆದು, ಒರೆಸಿಕೊಂಡು, ಮುಂದಿನ ಕೋಣೆಗೆ ನಡೆದು ಆ ದಪ್ಪ ಪುಸ್ತಕದ ಮುಂದೆ ನಿಂತರು.

"ಶಿವಯೋಗಪ್ಪಾರೇ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಅಶ್ವಥ್‌ನ ಫೋಟೋ ವಾಪಸ್ ಕೊಟ್ಬಿಡ್ರಿ. ನೀವು ಕೈ ಹಾಕದಿದ್ರೆ ಅವನದೂ ಆಗ್ತೈತೇನೋ!"