ಎರಡು ಪುಟದ ಲೆಕ್ಕಕ್ಕೆ ಒಂದೇ ಸಾಲು

ಬಾಯಿಗೆ ಬೀಗವಿದ್ದವರಿಗೆ ಇಂಥ ಪ್ರಸಂಗಗಳು ಎದುರಾಗುವುದಿಲ್ಲ. ನನ್ನದು ರೈಲ್ವೆಯ ವಿಚಾರಣೆ ಕಿಟಕಿಯಲ್ಲಿ ಪಳಗಿದ ಬಾಯಿ. ನಿವೃತ್ತಿ ಬಂದರೂ ಬೀಗ ಬರಲಿಲ್ಲ. ಹಿಂದಿ ಸೀಮೆಯ ಜಂಗಮವಾಡಿಯ ನಮ್ಮ ಗಲ್ಲಿಗೆ ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನವರ ಮಗಳು ಹನ್ನೆರಡನೇ ಕ್ಲಾಸಿನ ಗಣಿತದಲ್ಲಿ ಫೇಲಾದಳು. ಮರುಪರೀಕ್ಷೆಯೂ ಕೈಕೊಟ್ಟರೆ ಒಂದು ವರ್ಷ ದಂಡ. "ನಾನು ಬಿಎಸ್ಸಿ, ಮನೆಗೇ ಬಂದು ಹೇಳಿಕೊಡ್ತೇನೆ" ಎಂದೆ. ಯಾರೂ ಕೇಳಿರಲಿಲ್ಲ.

೧. ಮೊದಲ ಪಾಠ

−೨ರಿಂದ ೨ರವರೆಗೆ x³ನ ಇಂಟಿಗ್ರೇಷನ್. ಹುಡುಗಿ ಬರೆಯಲು ಹೊರಟಳು, ತಡೆದೆ. "ಗ್ರಾಫಿನ ಗೆರೆ ಎಡಕ್ಕೆ ಎಷ್ಟು ಕೆಳಗಿಳಿದಿದೆಯೋ ಬಲಕ್ಕೆ ಅಷ್ಟೇ ಮೇಲೇರಿದೆ. ಎರಡೂ ವಜಾ. ಲಿಮಿಟ್ ಎರಡು ಕಡೆ ಸಮ ಇರಬೇಕು, ಅಷ್ಟೇ. ಉತ್ತರ ಸೊನ್ನೆ." ಇದರ ಸೊಬಗನ್ನು ವರ್ಣಿಸಲು ನನಗೆ ಒಂದು ತಾಸು ಬೇಕಾಯಿತು. ಚಹಾ ತಂದ ಅವಳ ತಾಯಿ ಪುಸ್ತಕದೊಳಗೆ ಇಣುಕಿದರು.

"ಇಷ್ಟು ಹೊತ್ತು ಹೇಳಿ ಕಡೀಕ ಸೊನ್ನೀನ ಬಂತೇನ್ರಿ ಕಾಕಾ? ಇದು ಆಕಿಗೆ ಮೊದಲೂ ಬರ್ತಿತ್ತಲ್ರಿ."

೨. ವೀಳ್ಯದೆಲೆ

ಎಡಬಲ ಒಂದೇ ಆಕಾರವಿರುವ ಗೆರೆಯಾದರೆ ಅರ್ಧಕ್ಕಷ್ಟೇ ಲೆಕ್ಕ ಹಾಕಿ ದುಪ್ಪಟ್ಟು ಮಾಡಿದರೆ ಸಾಕು. ಇದನ್ನು ಎಲೆ ಮಡಚಿ ತೋರಿಸೋಣವೆಂದು ಪಾನ್ ಅಂಗಡಿಗೆ ಹೋದೆ. ಕಟ್ಟು ಬಿಚ್ಚಿಸಿ ಒಂದೊಂದೇ ಎಲೆಯನ್ನು ನಡುನರಕ್ಕೆ ಮಡಚಿ ನೋಡಿದೆ. ಒಂದರ ಎಡ ಉಬ್ಬು, ಇನ್ನೊಂದರ ಬಲ ಸೊಟ್ಟ. ಹತ್ತನೆಯದನ್ನೂ ಬೇಡವೆಂದಾಗ ಅಂಗಡಿಯವನು ತನ್ನ ಭೋಜಪುರಿಯಲ್ಲಿ ಬಲು ಮರ್ಯಾದೆಯಿಂದ ಕೇಳಿದ:

"ಬಾಬೂಜಿ, ಪಾನ್ ತಿನ್ನೋಕೆ ಬಂದಿರೋ, ಹೆಣ್ಣು ನೋಡೋಕೆ ಬಂದಿರೋ?"

೩. ಪರೀಕ್ಷೆ

ಪರೀಕ್ಷೆಯ ದಿನ ಶಾಲೆಯ ಗೇಟಿನಲ್ಲಿ ಅವಳ ತಾಯಿಗಿಂತ ನಾನೇ ಹೆಚ್ಚು ಬೆವತೆ. ಹುಡುಗಿ ಹೊರಬಂದಳು.

"ಅಜ್ಜಾ, −πಯಿಂದ πವರೆಗೆ x² sin x ಬಂದಿತ್ತು. ಒಂದೇ ಸಾಲಿನಲ್ಲಿ ಸೊನ್ನೆ ಅಂತ ಬರೆದೆ."

ನಾನು ಹಿಗ್ಗಿ ಗಲ್ಲಿಯ ಗೂಳಿಯಷ್ಟು ಅಗಲವಾದೆ.

"ಆಮೇಲೆ ಡರ್ ಲಗಾ, ಅಜ್ಜಾ. ಒಂದು ಸಾಲಿಗೆ ಅಷ್ಟು ಮಾರ್ಕ್ಸ್ ಯಾರು ಕೊಡ್ತಾರೆ? ಸೊನ್ನೆ ಹೊಡೆದುಹಾಕಿ ಎರಡು ಪುಟ ಉದ್ದಕ್ಕೆ ಮಾಡಿದೆ. ಬೇರೆ ಉತ್ತರ ಬಂತು."

ನಾನು ಕಟ್ಟೆಯ ಮೇಲೆ ಕುಸಿದೆ. "ಅದನ್ನೇ ಬಿಟ್ಟು ಬಂದೆಯಾ?"

"ಇಲ್ಲ, ಕೊನೆಗೆ ಸೊನ್ನೇನೇ ಬರೆದೆ."

ವಾರಗಳ ಮೇಲೆ ಫಲಿತಾಂಶ ಬಂತು. ಪಾಸು. ಆ ಪ್ರಶ್ನೆಯ ಮಾರ್ಕ್ಸ್ ಇಲ್ಲದಿದ್ದರೆ ಖಂಡಿತ ಮತ್ತೆ ಫೇಲಾಗುತ್ತಿದ್ದಳು. ತಾಯಿ ಲಡ್ಡು ಹಂಚುತ್ತಿದ್ದರು. ನಾಲ್ಕು ಜನ ಕೇಳಲಿ ಎಂದು ನಾನು ಗಟ್ಟಿಯಾಗಿಯೇ ಅಂದೆ: "ಕೊನೇ ಗಳಿಗೆಯಲ್ಲಿ ಈ ಅಜ್ಜನ ಮಾತು ನೆನಪಾಯಿತು, ಅಲ್ಲವೇ ಮಗಳೇ?"

"ಇಲ್ಲ ಅಜ್ಜಾ. ಉದ್ದಕ್ಕೆ ಮೂರು ಸಲ ಮಾಡಿದೆ, ಮೂರು ಉತ್ತರ ಬಂತು. ಅವುಗಳಲ್ಲಿ ಯಾವುದು ಅಂತ ಆರಿಸಲಿ? ಸೊನ್ನೆ ಬರೆಯೋದು ಸುಲಭ ಆಗಿತ್ತು."